ಮೂಡಲ ಬಾಗಿಲಿನ ವ್ಯಾನು

“ಇನ್ನ ಈ ಕಾಲು ಎಲ್ಲಿ ಇಡಬೇಕು?”

ಕಾಶಿನಾಥ ಇದನ್ನು ಯಾರನ್ನೂ ಕೇಳಿದ್ದಲ್ಲ. ಕೇಳೋಣವೆಂದರೆ ಅಲ್ಲಿ ಯಾರೂ ಇರಲಿಲ್ಲ. ಜಹೀರಾಬಾದಿನ ತನ್ನ ಮನೆಯ ಮುಂದೆ ನಿಲ್ಲಿಸಿದ ಹಳೆಯ ಓಮ್ನಿ ವ್ಯಾನಿನಲ್ಲಿ, ತಾನೇ ಅಳತೆ ಕೊಟ್ಟು ಮಾಡಿಸಿದ ಹಲಗೆಯ ಹಾಸಿಗೆಯ ಮೇಲೆ ಅವನು ಅಂಗಾತ ಮಲಗಿದ್ದ. ನೆತ್ತಿ ಡ್ರೈವರ್ ಸೀಟಿನ ಬೆನ್ನಿಗೆ ತಾಗಿತ್ತು. ಹಿಂದಿನ ಡಿಕ್ಕಿಯ ಬಾಗಿಲು ಮೇಲಕ್ಕೆದ್ದಿತ್ತು. ಅಲ್ಲಿಂದ ಮೊಣಕಾಲಿನ ಕೆಳಗಿನ ಕಾಶಿನಾಥ ಓಣಿಯೊಳಕ್ಕೆ ಚಾಚಿಕೊಂಡಿದ್ದ.

ತಪ್ಪು ಬಡಗಿಯದಲ್ಲ. “ಎಷ್ಟು ಉದ್ದ ಬೇಕ್ರಿ?” ಎಂದು ಬಡಗಿ ಕೇಳಿದಾಗ ಕಾಶಿನಾಥ ವ್ಯಾನಿನ ಅಳತೆ ಕೊಟ್ಟಿದ್ದ. ಮಲಗುವವನ ಅಳತೆಯನ್ನೂ ಕೊಡಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ಹಾಲು ಹಾಕುವ ಈಶಮ್ಮ ಆ ದಾರಿಯಲ್ಲಿ ಬಂದವಳು, ವ್ಯಾನಿನಿಂದ ಹೊರಬಂದ ಜೋಡಿ ಪಾದಗಳ ಮುಂದೆ ಒಂದು ಗಳಿಗೆ ನಿಂತಳು. “ಕಾಶಿನಾಥಪ್ಪ, ನೀವೇ ಏನ್ರಿ ಇದು? ಕಾಲು ಒಳಗ ತಗೋರಿ. ಹಿಂದ ಎಮ್ಮಿ ಬರಾಕತ್ಯಾವ.”

ಕಾಶಿನಾಥನಿಗೆ ಬಜಾರಿನಲ್ಲಿ ಗುಂಡಿ, ನೂಲು, ಚೈನು, ಸೀರೆಯ ಫಾಲ್ ಮಾರುವ ಅಂಗಡಿಯಿತ್ತು. ಬಿಚ್ಚಿಹೋದದ್ದು ಏನೇ ಇರಲಿ, ಒಂದು ಚೈನು ಹಚ್ಚಿದರೆ ಕೂಡಿಕೊಳ್ಳುತ್ತದೆ ಎಂಬುದು ಅವನ ಧರ್ಮ. ಕಾಲಿನ ಸಮಸ್ಯೆಗೂ ಚೈನೇ ಪರಿಹಾರವಾಯಿತು. ದಪ್ಪ ಕ್ಯಾನ್ವಾಸಿನ ಒಂದು ಚೀಲ ಹೊಲಿಸಿ, ಎತ್ತಿದ ಡಿಕ್ಕಿಗೆ ಸುತ್ತಲೂ ಚೈನಿನಿಂದ ಕೂಡಿಸಿದ. ಮಲಗಿದವನ ಕಾಲು ಇನ್ನು ಈ ಚೀಲದೊಳಗೆ ಮರ್ಯಾದೆಯಿಂದ ಇರುತ್ತಿತ್ತು. ಕಿಟಕಿಗಳಿಗೆ ಪ್ರೆಸ್ ಗುಂಡಿಯ ಪರದೆ ಬಂದವು. ಬಲಗಡೆಯ ಬಾಗಿಲನ್ನು ಹಲಗೆಯಿಂದ ಮುಚ್ಚಿ ಅದಕ್ಕೆ ಅಡುಗೆ ಕಪಾಟು ಹೊಂದಿಸಿದ. ಅದರಲ್ಲಿ ಸಣ್ಣ ಗ್ಯಾಸ್ ಒಲೆ, ತೋಟಿ ಇರುವ ನೀರಿನ ಕ್ಯಾನು, ತಟ್ಟೆ ನಿಲ್ಲಿಸುವ ತಂತಿ. ಪುರಾಣದಲ್ಲಿ ರಥವನ್ನು ವರ್ಣಿಸುವಾಗ ಓದುವವರಿಗೆ ದಣಿವೇ ಆಗುವುದಿಲ್ಲ. ವ್ಯಾನಿನ ವಿಷಯ ಬಂದರೆ ಕಾಶಿನಾಥನಿಗೂ ಹಾಗೆಯೇ. ಗಿರಾಕಿ ಅರ್ಧ ಮೊಳ ಲೇಸು ಕೇಳಲು ಬಂದರೂ ಪರದೆಯ ಗುಂಡಿಯಿಂದ ಶುರುಮಾಡಿ ಕಾಲಿನ ಚೀಲದವರೆಗೆ ಕೇಳಿಯೇ ಹೋಗಬೇಕಾಗುತ್ತಿತ್ತು.

ಇಷ್ಟೆಲ್ಲ ಮಾಡಿದ್ದು ಹೆಂಡತಿಯ ಒಂದು ಮಾತಿಗಾಗಿ.

ಮಹಾನಂದಾಳ ಕೈ ಚಹಾಕ್ಕೆ ಬಳಗದಲ್ಲೆಲ್ಲ ಹೆಸರಿತ್ತು. ಅವಳ ಕಷ್ಟವೂ ಅದೇ. ಗಂಡನ ಮನೆಯಲ್ಲಿ ಅವಳೇ ಚಹಾ ಮಾಡಬೇಕು. ಅದು ಸರಿ. ಮದುವೆಗೆ ಹೋದರೆ ಅಡುಗೆಯವರನ್ನು ಪಕ್ಕಕ್ಕೆ ಸರಿಸಿ ಅವಳನ್ನೇ ಕರೆಯುತ್ತಿದ್ದರು. ತಾಂಡೂರಿನ ತವರಿಗೆ ಹೋದರೆ ಅಣ್ಣನ ಹೆಂಡತಿ ಪ್ರೇಮಲಾ, “ನಿನ್ನ ಕೈ ಚಾ ಮುಂದ ನಮ್ಮದೇನವ್ವಾ, ಬಿಸಿನೀರು” ಎಂದು ಹೊಗಳುತ್ತ ಹೊಗಳುತ್ತ ಒಲೆಯ ಮುಂದೆ ನಿಲ್ಲಿಸಿಬಿಡುತ್ತಿದ್ದಳು. ಒಂದು ದಿನ ಚಹಾ ಸೋಸುತ್ತ ಮಹಾನಂದಾ ಗಂಡನಿಗೆ ಹೇಳಿದಳು: “ಒಂದ್ ಮುಂಜಾನಿ ಯಾರೂ ನನಗ ಚಾ ಕೇಳಬಾರದು ನೋಡ್ರಿ. ನಾ ಸುಮ್ಮ ಕೂತು ಹೊತ್ತು ಮೂಡೂದು ನೋಡಬೇಕು. ಅಷ್ಟೇ.”

ಕಾಶಿನಾಥ ಆ ಮಾತನ್ನು ವ್ರತದಂತೆ ಹಿಡಿದ. ನಾರಾಯಣಖೇಡದ ಆಚೆ ಒಂದು ಕೆರೆಯಿದೆ. ಆ ಕಡೆ ಅವನಿಗೆ ನೆಂಟರಿರಲಿಲ್ಲ. ವ್ಯಾನನ್ನು ಅಲ್ಲಿ ನಿಲ್ಲಿಸಿ ಹೆಂಡತಿಗೆ ಆ ಮುಂಜಾವನ್ನು ತೋರಿಸುವೆನೆಂದು ನಿಶ್ಚಯಿಸಿದ. ಇಷ್ಟಕ್ಕೇ ಸುಮ್ಮನಿದ್ದರೆ ಅವನು ಕಾಶಿನಾಥನೇ ಅಲ್ಲ.

ಅವನ ಸೋದರತ್ತೆ ತಾರಾಬಾಯಿ ನ್ಯಾಲ್ಕಲ್ಲಿನಿಂದ ಫೋನು ಮಾಡಿದಳು. ಬಳಗದಲ್ಲಿ ಯಾರು ಯಾರು ಮನೆ ಕಟ್ಟಿಸಿದರು, ಯಾರ ಮನೆಗೆ ಎಷ್ಟು ಅಂತಸ್ತು ಎಂಬುದನ್ನೆಲ್ಲ ಹೇಳಿ ಮುಗಿಸಿ, “ನಿನ್ನ ಕೈಲೆ ಮಾತ್ರ ಏನೂ ಆಗಲಿಲ್ಲ ನೋಡು, ಕಾಶಿ. ನಿಮ್ಮಪ್ಪ ಕಟ್ಟಿದ ಮನ್ಯಾಗೇ ಅದೀ” ಎಂದಳು.

ಈ ಮಾತು ಅವನಿಗೆ ಸೂಜಿಯಂತೆ ತಾಗಿತು. “ನಾನೂ ಒಂದು ಮನಿ ಮಾಡೀನಿ ಅತ್ತಿ. ಸಣ್ಣದು. ಆದ್ರ ಎಲ್ಲಾ ಅದ” ಎಂದ.

“ಅಡಗಿಗಿ ಜಾಗಾ?”

“ಅದ.”

“ಮಲಗಾಕ?”

“ಗಾದಿ ಸೈತ ಅದ.”

“ನೀರು?”

“ತೋಟಿ ತಿರುವಿದ್ರ ನೀರು.”

“ಹವಾ?”

“ನಾಕೂ ದಿಕ್ಕಿಂದ ಬರ್ತದ.”

“ಎಲ್ಲಿ ಅದ?”

“ಸದ್ಯ ನಮ್ಮ ಮನಿ ಮುಂದೇ ಅದ.”

ಒಂದೂ ಸುಳ್ಳಲ್ಲ. ಮುಂದಿನ ಮಾತಿಗೆ ಗಾಲಿಗಳ ವಿಷಯ ಹೇಳಬೇಕೆಂದೇ ಅವನು ಬಾಯಿ ತೆರೆದಿದ್ದ. ಆದರೆ ತಾರಾಬಾಯಿ ಫೋನು ಇಡುವುದರಲ್ಲಿ ಬಹಳ ಚುರುಕು.

ಮುಂದಿನ ಸೋಮವಾರ ಒಂದು ಟಂಟಂ ಆಟೋ ಓಣಿಗೆ ಬಂದು ನಿಂತಿತು. ಮೊದಲು ತಾರಾಬಾಯಿ ಇಳಿದಳು. ಹಿಂದೆ ಅವಳ ಗಂಡ ವೀರಪ್ಪ, ನಿವೃತ್ತ ಓವರ್‌ಸಿಯರ್. ಅವರ ಹಿಂದೆ ಆ ಟಂಟಂನಲ್ಲಿ ಹಿಡಿಯಬಹುದಾದವರೂ ಹಿಡಿಯಲಾರದವರೂ ಇಳಿಯುತ್ತಲೇ ಹೋದರು. ಕೊನೆಗೆ ಹಾಲಿನ ತಂಬಿಗೆ, ತೆಂಗಿನಕಾಯಿ, ಮಾವಿನ ತೋರಣ, ಆಯೇರಿಯ ಗಂಟು ಇಳಿದವು. ಉಡುಗೊರೆಯ ಆ ಗಂಟಿನಲ್ಲಿ ಗಂಡನಿಗೆ ಧೋತರ, ಹೆಂಡತಿಗೆ ಇಳಕಲ್ ಸೀರೆ, ಹೊಸ ಮನೆಗೆಂದು ಸ್ಟೀಲಿನ ಕೊಡ.

“ಮನಿ ಎಲ್ಲಿ?” ಎಂದಳು ತಾರಾಬಾಯಿ.

“ಇದೇ ಅತ್ತಿ.”

ತಾರಾಬಾಯಿ ವ್ಯಾನಿನ ಆಚೆ ಇಣುಕಿದಳು. “ಇದರ ಹಿಂದ?”

“ಹಿಂದ ಅಲ್ಲ. ಇದೇ.”

ಅವಳು ಸುತ್ತು ಹಾಕಿ ಬಂದಳು. ಬಳಗವೂ ಅವಳ ಹಿಂದೆ ಪ್ರದಕ್ಷಿಣೆ ಹಾಕಿತು. “ಇದಕ್ಕ ಗಾಲಿ ಅವ” ಎಂದಳು.

“ಹೌದ್ರಿ.”

ಪುರಾಣ ಹೇಳುವಲ್ಲಿ ಒಬ್ಬರು ಪದ್ಯ ಓದಿ ನಿಲ್ಲಿಸುತ್ತಾರೆ. ಅರ್ಥ ಹೇಳುವವರು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುತ್ತಾರೆ. ಆ ನಡುವೆ ಒಂದು ಮೌನವಿರುತ್ತದೆ. ಅಂಥ ಮೌನ ಓಣಿಯಲ್ಲಿ ಬಿದ್ದಿತು. ಮಹಾನಂದಾ ಬಾಗಿಲಲ್ಲಿ ನಿಂತು ಬಂದವರ ತಲೆ ನೋಡಿ, ಒಳಗೆ ಎಷ್ಟು ಹಾಲಿದೆ ಎಂದು ನೆನಪಿಸಿಕೊಳ್ಳುತ್ತಿದ್ದಳು.

ತಾರಾಬಾಯಿ ಆಯೇರಿಯ ಗಂಟು ನೋಡಿದಳು. ವ್ಯಾನು ನೋಡಿದಳು. ಮತ್ತೆ ಗಂಟು ನೋಡಿದಳು. “ಆಯೇರಿ ತೊಗೊಂಡು ಹಾದಿ ಹಿಡದ ಮ್ಯಾಲ ಹೊಳ್ಳಿ ಒಯ್ಯೂ ಪದ್ಧತಿ ನಮ್ಮ ಮನಿತನದಾಗ ಇಲ್ಲ. ನಮ್ಮಪ್ಪ ಒಮ್ಮಿ ಹೊಳ್ಳಿ ತಂದಿದ್ದ. ಆ ವರ್ಷ ಎಮ್ಮಿ ಗಬ್ಬ ನಿಲ್ಲಲಿಲ್ಲ.”

“ಹಂಗಾದ್ರ?” ಎಂದ ವೀರಪ್ಪ.

“ಹಂಗಾದ್ರ ಇದು ಮನಿನೇ.”

ತೀರ್ಪು ಬಂದಮೇಲೆ ತಡವಾಗಲಿಲ್ಲ. ವ್ಯಾನಿನ ಕೊರಳಿಗೆ ತೋರಣ ಬಿತ್ತು. ಆದರೆ ಮನೆ ಎಂದಮೇಲೆ ದಿಕ್ಕು ಬೇಕಲ್ಲ. ವೀರಪ್ಪ ಫೋನಿನಲ್ಲಿದ್ದ ದಿಕ್ಸೂಚಿ ತೆಗೆದು, ಅದನ್ನು ಅಂಗೈಯಲ್ಲಿ ಆರತಿಯಂತೆ ಹಿಡಿದು ವ್ಯಾನಿನ ಸುತ್ತ ನಡೆದ. “ಎಡಗಡಿ ಬಾಗಿಲು ಒಂದೇ ಅದ. ಅದು ಮೂಡಲಕ್ಕ ಬರಬೇಕಾದ್ರ ಗಾಡಿ ಮಾರಿ ತೆಂಕಲಕ್ಕ ಇರಬೇಕು. ತಿರುವು, ಕಾಶಿನಾಥ.”

ಕಾಶಿನಾಥ ಕಿರಿದಾದ ಓಣಿಯಲ್ಲಿ ಹಿಂದೆ ಮುಂದೆ ಮಾಡಿ, ಈಶಮ್ಮನ ಎಮ್ಮೆಯನ್ನು ಎಬ್ಬಿಸಿ, ವ್ಯಾನಿನ ಮುಖವನ್ನು ದಕ್ಷಿಣಕ್ಕೆ ತಿರುಗಿಸಿದ.

“ಈಗ ಅಡಗಿ ಆಗ್ನೇಯ ಮೂಲ್ಯಾಗ ಇರಬೇಕು” ಎಂದ ವೀರಪ್ಪ. ಆಗ್ನೇಯ ಮೂಲೆಯಲ್ಲಿ ಡ್ರೈವರಿನ ಪಕ್ಕದ ಸೀಟಿತ್ತು. ಬಲಗಡೆಯ ಕಪಾಟಿನಿಂದ ಒಲೆ ಎದ್ದು ಆ ಸೀಟಿಗೆ ಬಂತು. “ದೇವರ ಜಗಲಿ ಈಶಾನ್ಯಕ್ಕ.” ಈಶಾನ್ಯ ಎಂದರೆ ಡಿಕ್ಕಿಯ ಎಡಮೂಲೆ, ಕಾಲಿನ ಚೀಲದ ಬಾಯಿ. ದೇವರ ಹತ್ತಿರ ಕಾಲು ಚಾಚುವಂತಿಲ್ಲ ಎಂದು ಹಾಸಿಗೆಯ ದಿಂಬು ಆ ತುದಿಗೆ ಹೋಯಿತು. ಕಾಲಿಗೆಂದು ಹೊಲಿಸಿದ ಚೀಲಕ್ಕೆ ಇನ್ನು ತಲೆ ಹೋಗುವುದಾಯಿತು.

“ಮನಿ ಯಜಮಾನ ನೈರುತ್ಯಕ್ಕ ಮಲಗಬೇಕು” ಎಂದು ವೀರಪ್ಪ ಕೊನೆಯ ಮಾತು ಹೇಳಿದ.

ಎಲ್ಲರೂ ನೈರುತ್ಯದ ಕಡೆ ನೋಡಿದರು. ಅಲ್ಲಿ ಸ್ಟೇರಿಂಗಿತ್ತು.

“ಅಲ್ಲಿ ಹ್ಯಾಂಗ ಮಲಗಲಿ ಮಾಮಾ?”

“ಕೂತು ಮಲಗು. ಶಾಸ್ತ್ರದಾಗ ಮಲಗಬೇಕು ಅಂತ ಅದ, ಅಂಗಾತ ಅಂತ ಇಲ್ಲ.”

ಸೀಟಿನ ಮೇಲೆ ಹಾಲು ಉಕ್ಕಿತು. ಒಳಗೆ ಹೋದವರೆಲ್ಲ ತಲೆ ಬಾಗಿಸಿಯೇ ಹೋದರು. ಬಾಗಿಸದವರಿಗೆ ವ್ಯಾನಿನ ತಗಡು ಬಾಗಿಸಲು ಕಲಿಸಿತು. ಓಣಿಯವರು ನೋಡಲು ಬಂದರು. ಬಂದವರಿಗೆಲ್ಲ ಹೊಸ ಮನೆಯ ಚಹಾ ಆಗಬೇಕೆಂದು ತಾರಾಬಾಯಿ ಕೂಗಿದಳು. ಮಹಾನಂದಾ ಹಳೆಯ ಮನೆಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಇಟ್ಟು, ಮತ್ತೆ ಇಟ್ಟು, ಮತ್ತೂ ಇಟ್ಟಳು. ಖಾಲಿ ಕಪ್ಪುಗಳನ್ನು ಒಯ್ಯಲು ಹೊರಬಂದಾಗ ಗಂಡನ ಕಡೆ ಒಂದೇ ಸಲ ನೋಡಿದಳು. ಕಾಶಿನಾಥ ತಕ್ಷಣ ಟಾಯರಿನ ಹವಾ ಪರೀಕ್ಷಿಸಲು ಕೆಳಗೆ ಕೂತ.

ಸಂಜೆಗೆ ಉಳಿದವರು ಟಂಟಂ ಹತ್ತಿದರು. ತಾರಾಬಾಯಿ ಹತ್ತಲಿಲ್ಲ.

“ಹೊಸಾ ಮನಿ, ಹಿರೇರು ಮಲಗಲಾರದ ಬಿಡಬಾರದು. ನಾವೂ ಬರ್ತೀವಿ ನಿಮ್ಮ ಜೋಡಿ.”

“ಅತ್ತಿ, ನಾವು ನಾರಾಯಣಖೇಡದ ಕೆರಿಗಿ ಹೋಗಬೇಕಂತ...”

“ಅದು ಬಡಗಲ ಆಗ್ತದ, ಬಾಗಿಲು ಪಡುವಲಕ್ಕ ಬರ್ತದ” ಎಂದ ವೀರಪ್ಪ. “ಮೊದಲ ಪ್ರಯಾಣ ತೆಂಕಲಕ್ಕೇ ಆಗಬೇಕು. ತಾಂಡೂರಿಗಿ ನಡಿ. ಹಾದಿ ಪೂರಾ ಬಾಗಿಲು ಮೂಡಲಕ್ಕ ಇರ್ತದ. ಮ್ಯಾಲ ನಿನ್ನ ಹೆಂಡತಿ ತವರು. ಆಕಿನೂ ಖುಷಿ ಆಗ್ತಾಳ.”

ಮಹಾನಂದಾ ಖುಷಿಯಾದಳೋ ಇಲ್ಲವೋ, ಚಹಾ ಪುಡಿಯ ಡಬ್ಬಿಯನ್ನು ಮಾತ್ರ ತುಂಬಿಕೊಂಡಳು.

ತಾಂಡೂರಿನಲ್ಲಿ ಅವಳ ಅಣ್ಣ ಸಂಗುವಿಗೆ ಬಂಡೆಕಲ್ಲು ಪಾಲಿಶ್ ಮಾಡುವ ಕೆಲಸ. ಮರುದಿನ ವ್ಯಾನು ಅವನ ಮನೆಯ ಮುಂದೆ ನಿಂತಾಗ ಕಾಶಿನಾಥ, ಇನ್ನು ಇಳಿದು ಕಾಲು ತೊಳೆದು ಒಳಗೆ ಹೋಗಿ ಊಟಕ್ಕೆ ಕೂಡುವುದಷ್ಟೇ ಬಾಕಿ ಎಂದುಕೊಂಡ. ಯಾರೂ ಬಂದು ಕರೆಯಲಿಲ್ಲ. ಮನೆಯೊಳಗೆ ಬೀರು ತೆಗೆಯುವ, ಪೆಟ್ಟಿಗೆ ಎಳೆಯುವ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಇಸ್ತ್ರಿಯ ಅಂಗಿ ತೊಟ್ಟ ಸಂಗು, ರೇಶಿಮೆ ಸೀರೆ ಉಟ್ಟ ಪ್ರೇಮಲಾ, ಅವರ ಹಿಂದೆ ಅಕ್ಕಪಕ್ಕದವರು ಸಾಲಾಗಿ ಬಂದರು. ಸಂಗು ವ್ಯಾನಿನ ಬಾಗಿಲ ಮುಂದೆ ನಿಂತು ಕೆಮ್ಮಿದ.

“ಯಾರದೀರಿ ಮನ್ಯಾಗ?” ಎಂದ.

ಕಾಶಿನಾಥನಿಗೆ ತಿಳಿಯಲಿಲ್ಲ. “ನಾವೇ ಭಾವಾ. ನಿಮ್ಮ ಮನಿಗಿ ಬಂದೀವಿ.”

“ನೀವು ಎಲ್ಲಿ ಬಂದೀರಿ? ನೀವು ನಿಮ್ಮ ಮನ್ಯಾಗೇ ಅದೀರಿ” ಎಂದ ಸಂಗು, ಬಹಳ ಗಂಭೀರವಾಗಿ. “ನಾವು ಬಂದೀವಿ ಈಗ. ಗೃಹಪ್ರವೇಶಕ್ಕ ಬರಾಕ ಆಗಲಿಲ್ಲ ಅಂತ ಮನಸಿನಾಗ ಇತ್ತು. ಮನಿನೇ ನಮ್ಮ ಬಾಗಿಲಿಗಿ ಬಂತು. ನಮ್ಮ ಪುಣ್ಯ.”

ಪ್ರೇಮಲಾ ಆಯೇರಿಯ ಗಂಟನ್ನು ಒಳಗಿಟ್ಟು, ಹಾಸಿಗೆಯ ಅಂಚಿನಲ್ಲಿ ಅತಿಥಿಯ ಸಂಕೋಚದಿಂದ ಕೂತಳು. “ಛಲೋ ಅದ ಮನಿ. ನಿನ್ನ ಹೊಸಾ ಮನಿ ಚಾ ಕುಡೀಲಾರದ ನಾವು ಹ್ಯಾಂಗ ಹೋಗೂದು, ಮಹಾನಂದಾ?”

ಮಹಾನಂದಾ ಆಗ್ನೇಯ ಮೂಲೆಗೆ ಹೋಗಿ ಒಲೆ ಹಚ್ಚಿದಳು. ಅಣ್ಣನ ಮನೆಯ ಅಂಗಳದಲ್ಲಿ ನಿಂತು, ಅಣ್ಣನ ಹೆಂಡತಿಗೆ ಚಹಾ ಮಾಡಿಕೊಟ್ಟಳು. ಪ್ರೇಮಲಾ ಕುಡಿದು, “ಇದಕ್ಕೇ ನಾ ಅನ್ನೂದು, ನಮ್ಮದು ಬಿಸಿನೀರು” ಎಂದಳು. ಪಕ್ಕದ ಮನೆಯವರು ತಮ್ಮ ಕಪ್ಪು ಹಿಡಿದು ಕಾಯುತ್ತಿದ್ದರು.

ಅಷ್ಟರಲ್ಲಿ ತಾರಾಬಾಯಿಗೆ ಒಂದು ಕೊರತೆ ಕಂಡಿತು. “ಎಲ್ಲಾ ಅದ, ಹೊಸ್ತಿಲೇ ಇಲ್ಲ. ಮುಂಜಾನಿ ಎದ್ದು ನೀರು ಹಾಕಿ ರಂಗೋಲಿ ಎಲ್ಲಿ ಹಾಕಬೇಕು?”

ಸಂಗುವಿನ ಮುಖ ಅರಳಿತು. ಅವನು ತನ್ನ ಕಲ್ಲಿನ ಅಂಗಡಿಗೆ ಹೋಗಿ, ನೀಲಿ ಛಾಯೆಯ ಕನ್ನಡಿಯಂಥ ಕಲ್ಲೊಂದನ್ನು ಹೊರಿಸಿಕೊಂಡು ಬಂದ. ಹೊತ್ತವರು ಇಬ್ಬರು, ಇಬ್ಬರಿಗೂ ಏದುಸಿರು ಬರುತ್ತಿತ್ತು.

“ಭಾವಾ, ವ್ಯಾನಿಗೆ ಇದು ಭಾರ ಆಗ್ತದ” ಎಂದ ಕಾಶಿನಾಥ.

“ನನ್ನ ತಂಗಿ ಮನಿಗಿ ನಾ ಹೊಸ್ತಿಲ ಕೊಡಲಾರದ ಮತ್ತ ಯಾರು ಕೊಡಬೇಕು?”

“ಅಲ್ಲ, ಬಾಗಿಲು ಸರಿಯೂದು ಅದ. ಇದನ್ನ ಕೂಡಿಸಿದ್ರ ಬಾಗಿಲು ಮುಚ್ಚಂಗಿಲ್ಲ.”

“ಕೂಡಿಸಬ್ಯಾಡ. ಗಾಡಿ ನಿಂತಾಗ ಕೆಳಗಿಳಿಸು, ಹೊಂಟಾಗ ಮ್ಯಾಲ ತಗೋ” ಎಂದು ವೀರಪ್ಪ ಓವರ್‌ಸಿಯರ್ ದನಿಯಲ್ಲಿ ಪರಿಹಾರ ಹೇಳಿದ. ಯಾರು ಇಳಿಸಬೇಕು, ಯಾರು ಎತ್ತಬೇಕು ಎಂಬುದನ್ನು ಕೇಳುವ ಅಗತ್ಯವಿರಲಿಲ್ಲ. ಯಜಮಾನ ನೈರುತ್ಯದಲ್ಲಿದ್ದನಲ್ಲ.

ತಾರಾಬಾಯಿ ಕಲ್ಲಿನ ಮೇಲೆ ಕೈಯಾಡಿಸಿದಳು. ನ್ಯಾಲ್ಕಲ್ಲಿನ ತನ್ನ ಬಚ್ಚಲಿಗೂ ಇಂಥ ಎರಡು ಕಲ್ಲು ಬಂದರೆ ಹೇಗೆ ಎಂಬ ವಿಚಾರ ಅವಳ ಮನಸ್ಸಿನಲ್ಲಿ ಸುಳಿದಿರಬೇಕು. ಮಾತು ಹಾಲಿನಂತೆ ಬಂತು. “ಸಂಗಪ್ಪ, ಹೊಸ್ತಿಲ ಇಲ್ಲದ್ದು ಮನಿನೇ ಅಲ್ಲ. ನಾವು ಹಾಲು ಉಕ್ಕಿಸಿದ್ದು ದೊಡ್ಡದಲ್ಲ. ನೀ ಹೊಸ್ತಿಲ ಕೊಟ್ಟಿ. ಇವತ್ತಿನಿಂದ ಈ ಮನಿ ನಿನ್ನ ಹೆಸರಿನ ಮ್ಯಾಲ ನಿಂತದ ಅಂತ ತಿಳಿ. ಏನಂತೀರಿ?”

“ಖರೇ” ಎಂದ ವೀರಪ್ಪ. ಬಂದವರೂ ಖರೇ ಎಂದರು.

ಚಹಾ ಸೋಸುತ್ತಿದ್ದ ಮಹಾನಂದಾಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಸೋಸತೊಡಗಿದಳು.

ಆ ರಾತ್ರಿ ಕಳೆದು ತಾಂಡೂರಿನಿಂದ ಹೊರಡುವಾಗ ವೀರಪ್ಪನ ಅಂಗೈ ಮತ್ತೆ ಎದ್ದಿತು. ಇನ್ನು ಹೋಗಬೇಕಾದದ್ದು ಉತ್ತರಕ್ಕೆ. ಅಂದರೆ ಬಾಗಿಲು ಪಶ್ಚಿಮಕ್ಕೆ. “ಹೊಸಾ ಹೊಸ್ತಿಲ ಇಟಗೊಂಡು ಪಡುವಲ ಬಾಗಿಲಲೆ ಹ್ಯಾಂಗ ಹೋಗೂದು?” ಎಂದು ಅವನು ಹಣೆ ಉಜ್ಜಿಕೊಂಡ. ಉಜ್ಜಿದ ಹಣೆಗೆ ಉಪಾಯ ಹೊಳೆಯಿತು. “ರಿವರ್ಸ್ ಹಾಕು.”

“ಎಲ್ಲಿ ತನಕ ಮಾಮಾ?”

“ನಾರಾಯಣಖೇಡದ ತನಕ.”

ಕಾಶಿನಾಥ ಹಿರಿಯರ ಮಾತು ಮೀರಿದವನಲ್ಲ. ವ್ಯಾನು ತಾಂಡೂರಿನ ಓಣಿಯಿಂದ ಹಿಂಬದಿಯಾಗಿ ಹೊರಟಿತು. ತೋರಣ ಜೋತಾಡುತ್ತಿತ್ತು, ಕ್ಯಾನ್ವಾಸಿನ ಚೀಲ ಮುಂದೆ, ಕಾಶಿನಾಥನ ಮುಖ ಹಿಂದೆ. ಎದುರು ಬರುವ ಗಾಡಿಗಳವರು ಇದು ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯದೆ ಎರಡೂ ಕಡೆಗೆ ದಾರಿ ಬಿಟ್ಟರು. ಊರಿನ ಹೊರಗೆ ರಾಜರತ್ನ ಎಂಬ ಟ್ರಾಫಿಕ್ ಪೇದೆ ಕೈ ಅಡ್ಡ ಮಾಡಿದ.

“ಏನಾಗ್ಯಾದ್ರಿ? ಗೇರ್ ಖರಾಬ್ ಆಗ್ಯಾವ?”

“ಇಲ್ರಿ ಸಾಹೇಬ್ರ” ಎಂದ ವೀರಪ್ಪ ಕಿಟಕಿಯಿಂದ. “ಮನಿ ಬಾಗಿಲು ಮೂಡಲಕ್ಕ ಇರಬೇಕಲ್ರಿ.”

ರಾಜರತ್ನ ಒಳಗೆ ಇಣುಕಿದ. ಸೀಟಿನ ಮೇಲೆ ಒಲೆ, ಹಿಂದೆ ದೇವರ ಜಗಲಿ, ನಡುವೆ ಕಲ್ಲು, ಕಲ್ಲಿಗೆ ಕಾಲು ತಾಗದಂತೆ ಮೇಲೆತ್ತಿಕೊಂಡು ಕೂತ ತಾರಾಬಾಯಿ. “ಇದು ಮನಿ?” ಎಂದ.

“ಹೌದ್ರಿ. ಹಾಲು ಉಕ್ಕಿಸೀವಿ.”

ಪೇದೆ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ನೋಡ್ರಿ. ಮನಿ ಆದ್ರ ಹಿಂಗ ರೋಡಿನ ಮ್ಯಾಲ ತಿರಗಬಾರದು. ಗಾಡಿ ಆದ್ರ ಹಿಂದಕ್ಕ ಹೋಗಬಾರದು. ಯಾವುದು ಅಂತ ನೀವೇ ನಿಕ್ಕಿ ಮಾಡ್ರಿ. ನಾ ಇಲ್ಲೇ ನಿಂತಿರ್ತೀನಿ.”

ವೀರಪ್ಪ ಬಹಳ ಹೊತ್ತು ಯೋಚಿಸಿದ. ಕಡೆಗೆ, ಚಲಿಸುವಾಗ ಮನೆಗೆ ದಿಕ್ಕಿನ ದೋಷ ತಾಗುವುದಿಲ್ಲ, ನಿಂತಾಗ ಮಾತ್ರ ತಾಗುತ್ತದೆ ಎಂದು ಹೊಸ ಸೂತ್ರವನ್ನು ಕಂಡುಹಿಡಿದ. ಎಲ್ಲರಿಗೂ ಸಮಾಧಾನವಾಯಿತು. ರಾಜರತ್ನನಿಗೂ ಆಯಿತು. ಹೋಗಲು ಕೈ ಮಾಡುವವನು ಒಂದು ಗಳಿಗೆ ತಡೆದು ಒಲೆಯ ಕಡೆ ನೋಡಿದ.

“ಮನಿ ಅಂತೀರಿ. ಬಾಗಿಲಿಗಿ ಬಂದವ್ರಿಗಿ ಒಂದ್ ಕಪ್ ಚಾನೂ ಇಲ್ಲೇನ್ರಿ?”

“ಅಯ್ಯ, ಯಾಕಿಲ್ಲ” ಎಂದಳು ತಾರಾಬಾಯಿ. “ಮಹಾನಂದಾ, ಸಾಹೇಬ್ರಿಗಿ ಚಾ ಇಡವ್ವಾ.”

ಹೆದ್ದಾರಿಯ ಪಕ್ಕದಲ್ಲಿ, ಲಾರಿಗಳು ಎಬ್ಬಿಸಿದ ಧೂಳಿನಲ್ಲಿ ಮಹಾನಂದಾ ಚಹಾ ಮಾಡಿದಳು. ಕಾಶಿನಾಥ ಹೊಸ್ತಿಲನ್ನು ಇಳಿಸಿದ. ಪೇದೆ ಹೊಸ್ತಿಲು ದಾಟದೆ ಹೊರಗೇ ನಿಂತು ಕುಡಿದು, ಇಂಥ ಚಹಾ ತನ್ನ ನೌಕರಿಯಲ್ಲೇ ಕುಡಿದಿಲ್ಲವೆಂದ. ಕಾಶಿನಾಥ ಹೊಸ್ತಿಲನ್ನು ಎತ್ತಿದ.

ಜಹೀರಾಬಾದಿಗೆ ಬಂದಾಗ ನಿಲ್ಲಿಸಲೇ ಇಲ್ಲ. ಓಣಿಯವರು ಕಂಡರೆ ಮತ್ತೆ ಪಾತ್ರೆ ಏರುತ್ತದೆಂದು ಕಾಶಿನಾಥ ಬೈಪಾಸು ಹಿಡಿದು ನೇರ ಉತ್ತರಕ್ಕೆ ಓಡಿಸಿದ. ಸಂಜೆಯ ಬೆಳಕಿನಲ್ಲಿ ನಾರಾಯಣಖೇಡ ದಾಟಿ ಕೆರೆಯ ದಂಡೆಗೆ ಬಂದರು. ಮೂಡಲಿಗೆ ನೀರು, ನೀರಿನಾಚೆ ತೊಗರಿ ಹೊಲ, ಅದರಾಚೆ ಬಯಲು. ವೀರಪ್ಪ ಹಿಡಿದ ಅಂಗೈಗೆ ಸರಿಯಾಗಿ ಕಾಶಿನಾಥ ವ್ಯಾನಿನ ಮುಖವನ್ನು ದಕ್ಷಿಣಕ್ಕೆ ತಿರುಗಿಸಿ ನಿಲ್ಲಿಸಿದ. ಹೊಸ್ತಿಲು ಇಳಿಸಿದ. ಸೊಂಟ ಹಿಡಿದುಕೊಂಡು ಹೆಂಡತಿಯ ಹತ್ತಿರ ಬಂದ.

“ನಾಳಿ ಮುಂಜಾನಿ ನೋಡು. ಇಲ್ಲಿ ನಮಗ ಯಾರೂ ಇಲ್ಲ” ಎಂದ ಮೆಲ್ಲಗೆ.

“ಅತ್ತಿ ಫೋನ್ಯಾಗ ಯಾರ ಜೋಡಿ ಮಾತಾಡಾಕತ್ಯಾರ?” ಎಂದಳು ಮಹಾನಂದಾ.

ಕಾಶಿನಾಥ ಲೆಕ್ಕ ಹಾಕಿದ್ದು ತನ್ನ ಬಳಗವನ್ನು, ಹೆಂಡತಿಯ ಬಳಗವನ್ನು. ವೀರಪ್ಪನ ತಂಗಿ ಸುಂದರಬಾಯಿಯನ್ನು ನಾರಾಯಣಖೇಡಕ್ಕೆ ಕೊಟ್ಟದ್ದು ಅವನ ನೆನಪಿನಲ್ಲೇ ಇರಲಿಲ್ಲ. ತಾರಾಬಾಯಿಗೆ ಇತ್ತು. ಸುಂದರಬಾಯಿ ಹೊಸ ಮನೆ ಕಟ್ಟಿಸಿದಾಗಿನಿಂದ ಇವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಕೆರೆಯ ಕಡೆ ಬೆನ್ನು ಮಾಡಿ ಅವಳು ಫೋನಿನಲ್ಲಿ ಹೇಳುತ್ತಿದ್ದಳು: “ನಿಮ್ಮದು ಊರಾಗ ಅದ, ಇರಲಿ. ನಮ್ಮ ಕಾಶೀದು ಕೆರಿ ದಂಡಿ ಮ್ಯಾಲೇ ಅದ. ಮೂಡಲ ಬಾಗಿಲು. ಬಾ ನೋಡಾಕ.”

ಅತ್ತೆ ಮಾವ ಹಾಸಿಗೆಯ ಮೇಲೆ, ಕಾಲಿನ ಚೀಲದೊಳಗೆ ತಲೆಯಿಟ್ಟು ಮಲಗಿದರು. ಮಹಾನಂದಾ ಒಲೆಯನ್ನು ಕೆಳಗಿಳಿಸಿ ಆಗ್ನೇಯದ ಸೀಟಿನಲ್ಲಿ ಮುದುಡಿಕೊಂಡಳು. ಕಾಶಿನಾಥ ನೈರುತ್ಯದಲ್ಲಿ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತ. ಕಾಲು ಎಲ್ಲಿಡಬೇಕು ಎಂಬ ಅವನ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತ್ತು: ಒಂದು ಕ್ಲಚ್ಚಿನ ಮೇಲೆ, ಒಂದು ಬ್ರೇಕಿನ ಮೇಲೆ.

ಬೆಳಗಾಗುವ ಹೊತ್ತಿಗೆ ಎಲ್ಲರಿಗಿಂತ ಮೊದಲು ಎದ್ದವಳು ಮಹಾನಂದಾ. ಮುಖ ತೊಳೆದು, ಹೊಸ್ತಿಲಿಗೆ ನೀರು ಹಾಕಿ, ಎರಡು ಎಳೆ ರಂಗೋಲಿ ಎಳೆದಳು. ಊರಿನ ಹತ್ತಿರದ ಪಸ್ತಾಪುರದಿಂದ ತಂದಿಟ್ಟಿದ್ದ ಸಜ್ಜೆಯ ಬಿಸ್ಕೀಟು ಒಂದನ್ನು ಸೆರಗಿನ ತುದಿಯಲ್ಲಿ ಹಿಡಿದು, ಕಲ್ಲಿಗೆ ಕಾಲು ತಾಗದಂತೆ ವ್ಯಾನಿನ ಬಾಗಿಲಲ್ಲಿ ಕೂತಳು. ಎದುರಿಗೆ ಕೆರೆ ಬೂದಿಬಣ್ಣದಿಂದ ಕೆಂಪಿಗೆ ತಿರುಗುತ್ತಿತ್ತು. ಬೆಳ್ಳಕ್ಕಿಗಳು ಇಳಿದವು. ತೊಗರಿ ಹೊಲದ ಮೇಲೆ ಸೂರ್ಯನ ಅಂಚು ಕಾಣಿಸಿತು.

ಆಗ ಟಂಟಂನ ಸದ್ದು ಕೇಳಿಸಿತು.

ಸುಂದರಬಾಯಿ ಸೊಸೆಯಂದಿರು, ಅಳಿಯಂದಿರು, ಆಯೇರಿ ಎಲ್ಲವನ್ನೂ ತಂದಿದ್ದಳು. ತಾರಾಬಾಯಿ ದಡಬಡಿಸಿ ಎದ್ದು ಚೀಲದಿಂದ ತಲೆ ಬಿಡಿಸಿಕೊಂಡಳು. ಅವಳು ಎಬ್ಬಿಸಿದ ಭರಕ್ಕೆ ಕಾಶಿನಾಥನ ಹಣೆ ಹಾರ್ನಿನ ಮೇಲೆ ಬಿದ್ದು ಬೆಳ್ಳಕ್ಕಿಗಳು ಎದ್ದುಹೋದವು.

“ಮಹಾನಂದಾ, ಚಾ ಇಡು. ಜರಾ ಜಲ್ದಿ. ಸುಂದರಾ ಬಂದಾಳ” ಎಂದಳು ತಾರಾಬಾಯಿ, ಸೆರಗು ಸರಿಮಾಡಿಕೊಳ್ಳುತ್ತ.

ಮಹಾನಂದಾ ಸೂರ್ಯನನ್ನು ನೋಡುತ್ತಿದ್ದಳು.

“ನಾ ಇಡ್ತೀನಿ ಅತ್ತಿ” ಎಂದ ಕಾಶಿನಾಥ, ಹಣೆ ತಿಕ್ಕಿಕೊಳ್ಳುತ್ತ.

“ನೀ ಸುಮ್ಮ ಕೂಡು. ನನ್ನ ನಾದಿನಿ ಮುಂದ ಯಜಮಾನ ಚಾ ಮಾಡಿದ್ರ ನಮ್ಮ ಇಜ್ಜತ್ ಏನ್ ಉಳೀತು? ಮಹಾನಂದಾ, ಕೇಳಸ್ತಿಲ್ಲೇನು?”

“ಅತ್ತಿ” ಎಂದಳು ಮಹಾನಂದಾ, ಮುಖ ತಿರುಗಿಸದೆ. “ಈ ಹೊಸ್ತಿಲ ಯಾರು ಕೊಟ್ಟಿದ್ದು?”

“ಸಂಗಪ್ಪ. ಈಗ ಅದ್ಯಾಕ?”

“ಈ ಮನಿ ಯಾರ ಹೆಸರಿನ ಮ್ಯಾಲ ನಿಂತದ ಅಂದ್ರಿ ಮೊನ್ನಿ?”

ತಾರಾಬಾಯಿ ಗಂಡನ ಕಡೆ ನೋಡಿದಳು. ವೀರಪ್ಪ ಅವಸರದಲ್ಲಿ ದಿಕ್ಸೂಚಿ ತೆಗೆದ. ಇಲ್ಲಿ ಅದರಿಂದ ಏನೂ ಉಪಯೋಗವಿರಲಿಲ್ಲ. “ಸಂಗಪ್ಪನ ಹೆಸರಿನ ಮ್ಯಾಲ ಅಂದಿದ್ದಿ. ಎಲ್ಲಾರೂ ಖರೇ ಅಂದ್ರು” ಎಂದು ಒಪ್ಪಿಕೊಂಡ.

“ಸಂಗಪ್ಪ ನಮ್ಮಣ್ಣ” ಎಂದಳು ಮಹಾನಂದಾ. “ಹಂಗಾದ್ರ ನಾ ಈಗ ತವರುಮನ್ಯಾಗ ಕೂತೀನಿ.”

ಪದ್ಯ ಓದಿಯಾಗಿತ್ತು. ಅರ್ಥ ಹೇಳುವವರು ಯಾರೂ ಇರಲಿಲ್ಲ. ಕೆರೆಯ ಮೇಲೆ ಗಾಳಿ ಸುಳಿಯಿತು. ಆಯೇರಿಯ ಗಂಟು ಹಿಡಿದು ನಿಂತಿದ್ದ ಸುಂದರಬಾಯಿಗೆ ಮಾತ್ರ ಅರ್ಥ ತಟ್ಟನೆ ಹೊಳೆಯಿತು. ವರ್ಷಗಳಿಂದ ಇಂಥ ಒಂದು ಬೆಳಗಿಗೆ ಕಾದವಳಂತೆ ಅವಳು ನಿಧಾನವಾಗಿ ಬಾಯಿ ತೆರೆದಳು.

“ಇದೇನ್ ವೈನಿ? ತವರಿಗಿ ಬಂದ ಹೆಣ್ಣಮಗಳಿಗಿ ಚಾ ಮಾಡಂತ ಹೇಳತೀಯಾ? ನಮ್ಮ ಕಡಿ ಹಿಂಗ ಮಾಡಂಗಿಲ್ಲ.”

“ನಮ್ಮ ಕಡೀನೂ ಮಾಡಂಗಿಲ್ಲ” ಎಂದಳು ತಾರಾಬಾಯಿ. ಬೇರೆ ಏನು ಹೇಳಲೂ ಅವಳಿಗೆ ದಾರಿಯಿರಲಿಲ್ಲ. “ನಾ ನಗಸಾರಕ್ಕ ಅಂದೆ.”

ತಮಾಷೆಗೆ ಅಂದವಳು ತಲೆ ಬಾಗಿಸಿ ಆಗ್ನೇಯಕ್ಕೆ ಹೋದಳು. ಸರಿಯಾಗಿ ಬಾಗಿಸಿರಲಿಲ್ಲ, ತಗಡಿನ ಸದ್ದು ಹೊರಗಿನವರೆಗೂ ಕೇಳಿತು. ಒಳಗೆ ಡಬ್ಬಿಗಳು ಒಂದಾದಮೇಲೊಂದು ತೆರೆದವು. ಸಕ್ಕರೆ ಎಲ್ಲಿದೆ ಎಂದು ಅವಳು ಕೂಗಿ ಕೇಳಿದಳು. ತವರಿಗೆ ಬಂದವಳಿಗೆ ಅದು ಗೊತ್ತಿರಬೇಕಾದ್ದಿಲ್ಲವೆಂದು ಸುಂದರಬಾಯಿ ಹೊರಗಿನಿಂದಲೇ ಉತ್ತರ ಕೊಟ್ಟಳು.

ಚಹಾ ಬಂತು. ಮೊದಲ ಕಪ್ಪನ್ನು ತಾರಾಬಾಯಿ ಮಹಾನಂದಾಳ ಕೈಗೆ ಕೊಟ್ಟಳು. ನಾದಿನಿ ನೋಡುತ್ತಿದ್ದಾಗ ಬೇರೆ ಯಾರಿಗೂ ಕೊಡುವಂತಿರಲಿಲ್ಲ. “ಅಳಿಯಗೂ ಕೊಡು ವೈನಿ” ಎಂದಳು ಸುಂದರಬಾಯಿ. ತಾನು ಅಳಿಯನೆಂದು ಕಾಶಿನಾಥನಿಗೆ ಆಗಷ್ಟೇ ತಿಳಿಯಿತು. ಮೂರು ದಿನ ಮನೆಯ ಯಜಮಾನನಾಗಿ ಕಲ್ಲು ಹೊತ್ತವನು ನೈರುತ್ಯದಿಂದ ಇಳಿದು, ಅಳಿಯನಿಗೆ ತಕ್ಕ ಗತ್ತಿನಿಂದ ಎರಡನೆಯ ಕಪ್ಪು ತೆಗೆದುಕೊಂಡ.

ಚಹಾ ನಿಜಕ್ಕೂ ಬಿಸಿನೀರಿನಂತಿತ್ತು. ಮಹಾನಂದಾ ಅದನ್ನು ಗುಟುಕು ಗುಟುಕಾಗಿ, ಬಿಸ್ಕೀಟಿನೊಂದಿಗೆ, ಮುಗಿಯಬಾರದೆಂಬಂತೆ ಕುಡಿದಳು. ಸೂರ್ಯ ಪೂರಾ ಮೇಲೆ ಬಂದ. ಬೆಳ್ಳಕ್ಕಿಗಳು ಒಂದೊಂದಾಗಿ ಹಿಂತಿರುಗಿ ಬಂದು ಅದೇ ಜಾಗದಲ್ಲಿ ನಿಂತವು. ಸುಂದರಬಾಯಿಯ ಬಳಗ ವ್ಯಾನಿನ ಸುತ್ತ ಪ್ರದಕ್ಷಿಣೆ ಮುಗಿಸಿ, ಪರದೆಯ ಗುಂಡಿಗಳನ್ನು ಹಾಕಿ ತೆಗೆದು, ಇನ್ನೇನು ಇದೆ ಎಂಬಂತೆ ಬಂದು ಕೂತಿತು.

ತಾರಾಬಾಯಿ ಬೆವರು ಒರೆಸಿಕೊಂಡು ಬಾಗಿಲ ಹತ್ತಿರ ಬಂದಳು. ದನಿ ಈಗ ಬಹಳ ಮೆತ್ತಗಿತ್ತು.

“ಆತವ್ವಾ. ಚಾ ಕುಡದಿ. ಹೊತ್ತು ಮೂಡೂದೂ ನೋಡಿದಿ. ಇನ್ನ ಏಳು, ನನ್ನವ್ವ. ಬಂದ ಮಂದಿಗಿ ಒಂದೀಟು ಉಪ್ಪಿಟ್ಟು ಮಾಡು.”

ಮಹಾನಂದಾ ಖಾಲಿ ಕಪ್ಪನ್ನು ಪಕ್ಕಕ್ಕೆ ಇಟ್ಟಳು. ಕಾಲನ್ನು ಹೊಸ್ತಿಲಿನ ಆಚೆಗೆ, ಬಿಸಿಲಿಗೆ ಉದ್ದಕ್ಕೆ ಚಾಚಿದಳು.

“ಏಳಂಗಿಲ್ರಿ ಅತ್ತಿ” ಎಂದಳು.